ಮೂಳೆ ಡಾಕ್ಟರ್ ಅಲ್ಲದ ನನ್ನ ತಂಗಿ

ಹೋದ ಬುಧವಾರ ನಂಜನಗೂಡಿನ ನಮ್ಮ ಬೀದಿಗೆ ಬಂದ ಪೊಲೀಸಪ್ಪ ಐದೇ ನಿಮಿಷದಲ್ಲಿ ನನ್ನ ತಂಗಿಯನ್ನು ನಕಲಿ ಡಾಕ್ಟರ್ ಮಾಡಿಬಿಟ್ಟರು. ತಪ್ಪು ಅವರದಲ್ಲ. ನನ್ನದು.

ತಂಗಿ ಸವಿತಾಗೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಸೇರುವ ಮೊದಲು ಪೊಲೀಸ್ ವೆರಿಫಿಕೇಷನ್ ಆಗಬೇಕು. ವಿಳಾಸ ಸರಿಯಿದೆಯಾ, ಹುಡುಗಿ ಹೇಗೆ ಅಂತ ಅಕ್ಕಪಕ್ಕದವರನ್ನು ಕೇಳಿ ಬರೆದುಕೊಂಡು ಹೋಗುತ್ತಾರೆ. ಪೊಲೀಸಪ್ಪ ಮೊದಲು ಕೇಳಿದ್ದು ನಮ್ಮ ಮನೆ ಓನರ್ ಗಿರಿಜಮ್ಮನವರನ್ನು. ಮೂಳೆ ಡಾಕ್ಟರು, ನನ್ನ ಮಂಡಿ ಕೂಡ ನೋಡಿದ್ದಾಳೆ ಅಂತ ಅವರು ಹೆಮ್ಮೆಯಿಂದ ಹೇಳಿದರಂತೆ.

ಪೊಲೀಸಪ್ಪ ಸೀದಾ ನನ್ನ ಅಂಗಡಿಗೆ ಬಂದರು. (ಬೈಕ್ ಸೀಟಿಗೆ ಕವರ್ ಹೊಲಿಯುವುದು ನನ್ನ ಕಸುಬು. ಅಂಗಡಿ ಅಂದರೆ ಮನೆ ಮುಂದಿನ ಜಗಲಿ.)

"ಏನ್ರೀ ಇದು? ಕಾಗ್ದದಲ್ಲಿ ಡಾಕ್ಟ್ರು ಅಂತಿಲ್ಲ, ಬೀದೀಲಿ ಡಾಕ್ಟ್ರು ಅಂತಾರೆ. ಬೋರ್ಡು ಗೀರ್ಡು ಆಕ್ಕೊಂಡು ಸೂಜಿ ಚುಚ್ತಾ ಅವ್ರಾ?"

ಸವಿತಾ ಓದಿದ್ದು ಫೊರೆನ್ಸಿಕ್ ಆಂಥ್ರೊಪಾಲಜಿಯಲ್ಲಿ ಎಂ.ಎಸ್ಸಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ಹೆಸರು ಬಾಯಿಗೆ ಬರಲು ಒಂದು ವಾರ ಬೇಕಾಯಿತು. ಎಲ್ಲೋ ಸಿಕ್ಕ ಮೂಳೆ ನೋಡಿ ಮನುಷ್ಯನದಾ, ಪ್ರಾಣಿಯದಾ, ಗಂಡಾ, ಹೆಣ್ಣಾ, ವಯಸ್ಸೆಷ್ಟು, ಎತ್ತರವೆಷ್ಟು ಅಂತ ಹೇಳುವ ವಿದ್ಯೆ ಅದು. ಅದನ್ನು ಓದಿಸುವ ಕಾಲೇಜುಗಳು ಕಡಿಮೆ. ಇವಳು ಗುಜರಾತಿನವರೆಗೆ ಹೋದಳು. ಕೆಲಸವೂ ರಾಶಿ ಬಿದ್ದಿಲ್ಲ. ಅಪರಾಧ ಪತ್ತೆಯ ಲ್ಯಾಬು, ಮೆಡಿಕಲ್ ಕಾಲೇಜು, ಇಲ್ಲವೇ ಪಾಠ ಹೇಳುವುದು. ದೊಡ್ಡ ಅನಾಹುತ ನಡೆದು ಯಾರು ಯಾರೆಂದು ತಿಳಿಯದಾದಾಗಲೂ ಇಂಥವರೇ ಬೇಕು.

ಇಷ್ಟೆಲ್ಲ ಗೊತ್ತಿದ್ದೂ ಬೀದಿಯಲ್ಲಿ ಮೂಳೆ ಡಾಕ್ಟರ್ ಅಂತ ಯಾಕೆ ಹೇಳಿದೆ? ಹೆಸರು ಉದ್ದ ಅಂತಲಾ?

ಅಲ್ಲ. ನಮ್ಮೂರು ಟಿ. ನರಸೀಪುರದ ಕಡೆಯ ಹಳ್ಳಿ. ನಮ್ಮ ತಾತ ಊರಿಗೆಲ್ಲ ಗುಂಡಿ ತೋಡುತ್ತಿದ್ದವರು. ಗಿಡ ನೆಡುವ ಗುಂಡಿಯಲ್ಲ, ಹೆಣ ಹೂಳುವ ಗುಂಡಿ. ಯಾರನ್ನು ಎಲ್ಲಿ ಹೂತಿದ್ದಾರೆ ಅಂತ, ಮೇಲೆ ಕಲ್ಲಿಲ್ಲದಿದ್ದರೂ ಹೇಳುತ್ತಿದ್ದರು. ಚಿಕ್ಕವಳಾಗಿದ್ದ ಸವಿತಾ ಅವರ ಹಿಂದೆಯೇ ಅಲೆಯುತ್ತಿದ್ದಳು.

"ಒಂದ್ಸಲ ಅಗ್ದ ಮಣ್ಣು ಗುದ್ಲಿಗೆ ಬ್ಯಾರೆ ಸದ್ದು ಕೊಡ್ತದೆ ಕಣವ್ವ. ಮ್ಯಾಲಿನ ಗರಿಕೆನೂ ಬ್ಯಾರೆ ತರ ಬತ್ತದೆ" ಅನ್ನುತ್ತಿದ್ದರು ತಾತ.

ಎಂ.ಎಸ್ಸಿ. ಸೀಟಿನ ಸಂದರ್ಶನದಲ್ಲಿ, ಗುರುತಿಲ್ಲದ ಹಳೆಯ ಗುಂಡಿಯನ್ನು ಹೇಗೆ ಪತ್ತೆ ಮಾಡುತ್ತೀರಿ ಅಂತ ಕೇಳಿದರಂತೆ. ಇವಳು ತಾತನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದಳಂತೆ. ಯಾವ ಪುಸ್ತಕದಲ್ಲಿದೆ ಇದು ಅಂದರಂತೆ. ನಮ್ಮ ತಾತ ಅಂದಳಂತೆ. ಸೀಟು ಸಿಕ್ಕಿತು.

ಆ ತಾತನನ್ನೇ ನಾನು ನಂಜನಗೂಡಿನಲ್ಲಿ ಮುಚ್ಚಿಟ್ಟಿದ್ದೆ. ಬಾಡಿಗೆ ಮನೆ ಹುಡುಕುವಾಗ ಎರಡು ಮೂರು ಕಡೆ ನೀವು ಯಾವ ಜನ ಅಂತ ಕೇಳಿ ಬಾಗಿಲು ಹಾಕಿಕೊಂಡಿದ್ದರು. ಗಿರಿಜಮ್ಮ ಕೇಳಿದ್ದು, ನಿಮ್ಮ ಹಿರಿಯರು ಏನು ಮಾಡುತ್ತಿದ್ದರು ಅಂತ. ವ್ಯವಸಾಯ ಅಂದುಬಿಟ್ಟೆ. ಇನ್ನು ತಂಗಿ ಸತ್ತವರ ಮೂಳೆ ಓದುತ್ತಾಳೆ ಅಂದರೆ ಮುಂದಿನ ಪ್ರಶ್ನೆ ತಾತನ ಹತ್ತಿರವೇ ಬಂದು ನಿಲ್ಲುತ್ತದಲ್ಲ? ಅದಕ್ಕೇ ಡಾಕ್ಟರ್.

(ರಜೆಗೆ ಬಂದಿದ್ದ ಸವಿತಾ ಎದುರು ಗಿರಿಜಮ್ಮ ಮಂಡಿ ಚಾಚಿದಾಗ ಅವಳು ಕಕ್ಕಾಬಿಕ್ಕಿಯಾಗಿ ಆಸ್ಪತ್ರೆಗೆ ತೋರಿಸಿ ಅಂದಿದ್ದಳು. ತಾನೇ ಡಾಕ್ಟರಾಗಿದ್ದೂ ಬೇರೆಯವರ ಹತ್ತಿರ ಕಳಿಸುತ್ತಾಳೆ, ಎಂಥ ದೊಡ್ಡ ಗುಣ ಅಂತ ಗಿರಿಜಮ್ಮ ಬೀದಿಗೆಲ್ಲ ಹೇಳಿದರು.)

ಈಗ ಪೊಲೀಸಪ್ಪ, ಹೀಗಾದರೆ ಸರಿಯಿಲ್ಲ ಅಂತ ಬರೆದು ಕಳಿಸುತ್ತೇನೆ ಅಂದರು. ಹಾಗೆ ಬರೆದರೆ ತಂಗಿಯ ಕೆಲಸ ಹೋದಂತೆ. ಗೇಟಿನಲ್ಲಿ ಗಿರಿಜಮ್ಮ ನಿಂತಿದ್ದರು. ನಾನೇನಂದೆ ಗೊತ್ತಾ? ಅರ್ಜಿಯಲ್ಲಿ ಟೈಪಿಂಗ್ ಮಿಸ್ಟೇಕ್ ಇರಬೇಕು ಸಾರ್ ಅಂದೆ. ಎರಡು ವರ್ಷ ಓದಿದ ಡಿಗ್ರಿಯನ್ನೇ ಮಿಸ್ಟೇಕ್ ಮಾಡಿದೆ.

ಅಷ್ಟರಲ್ಲಿ ಸವಿತಾ ಒಳಗಿಂದ ಬಂದಳು. ಸರ್ಟಿಫಿಕೇಟ್ ತೋರಿಸಿದಳು. ತಾನು ಡಾಕ್ಟರಲ್ಲ, ತಾನು ನೋಡುವುದು ಸತ್ತವರ ಮೂಳೆ ಅಂತ ನಿಧಾನವಾಗಿ ಬಿಡಿಸಿ ಹೇಳಿದಳು. ಗಿರಿಜಮ್ಮನವರ ಕೈ ತಾನಾಗಿಯೇ ಮಂಡಿಗೆ ಹೋಯಿತು. ಪೊಲೀಸಪ್ಪ ನಕ್ಕು ಬರೆದುಕೊಂಡರು.

"ಎಣ್ಮಗ ನೀನು, ಈ ಓದು ಯಾಕ್ ತಲೆಗ್ ಬಂತವ್ವ?"

"ನಮ್ಮಣ್ಣ ಹೇಳ್ತಾನೆ ಸಾರ್" ಅಂದಳು.

ಗಿರಿಜಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಸೂಜಿಗೆ ದಾರ ಪೋಣಿಸುತ್ತಾ, ಯಾರೋ ಮೇಷ್ಟ್ರು ಹೇಳಿದ್ದು ಅಂದೆ. ಸವಿತಾ ಒಳಗೆ ಹೋದಳು.

ವೆರಿಫಿಕೇಷನ್ ಆಯಿತು. ನಿನ್ನೆ ಕೆಲಸಕ್ಕೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಸಾರಿ ಕಣವ್ವ ಅಂದೆ.

"ಗುರುತು ಸಿಗ್ದೇ ಇರೋ ಮೂಳೆಗೆ ಹೆಸ್ರು ಹುಡ್ಕೋದು ನನ್ ಕೆಲ್ಸ ಕಣಣ್ಣ. ನೀನು ಗೊತ್ತಿರೋ ತಾತನ ಹೆಸ್ರನ್ನೇ ಅಳಿಸ್ಬುಟ್ಯಲ್ಲ" ಅಂದು ಬಸ್ ಹತ್ತಿದಳು.

ನಾನು ಇದನ್ನು ಬರೆದು ಕಳಿಸುತ್ತಿರುವ ಪತ್ರಿಕೆ ಗಿರಿಜಮ್ಮನವರ ಮನೆಗೂ ಬರುತ್ತದೆ. ಗಿರಿಜಮ್ಮನವರೇ, ನಮ್ಮ ತಾತನ ಹೆಸರು ಸಿದ್ದಯ್ಯ, ಊರಿಗೆಲ್ಲ ಹೆಣದ ಗುಂಡಿ ತೋಡುತ್ತಿದ್ದರು. ಮನೆ ಖಾಲಿ ಮಾಡಬೇಕಾ?