ಕ್ರೇನಿಗೆ ಬೀಗ ಹಾಕಿದ ಮೇಡಂ

ಪಕ್ಕದ ಮನೆಯವರು ಗೇಟಿಗೆ ಹಳದಿ ಪೇಂಟ್ ಹೊಡೆಸುತ್ತಿದ್ದಾರೆ. ಚಿಕ್ಕಬಾಣಾವರದ ನಮ್ಮ ಬೀದಿಗೆಲ್ಲ ಅದೇ ವಾಸನೆ. ಆ ಹೊಸ ಕ್ರೇನಿಗೂ ಇದೇ ಬಣ್ಣವಿತ್ತು... ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಡಂ ನೆನಪಾದರು.

ಪೀಣ್ಯದಲ್ಲಿ ಮೆಟ್ರೋ ಇನ್ನೂ ಓಡದಿದ್ದ ಕಾಲ. ನಾನು ಅಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮೇಡಂ ಹೊಸ ಶೆಡ್ ಎಬ್ಬಿಸಲು ಬಂದ ಪ್ರಾಜೆಕ್ಟ್ ಮ್ಯಾನೇಜರ್. ಕಾಟನ್ ಸೀರೆ, ತಲೆಗೆ ಹೆಲ್ಮೆಟ್. ಅವರನ್ನು ಕಂಡರೆ ಕಂಟ್ರಾಕ್ಟರುಗಳು ಬೀಡಿ ಆರಿಸುತ್ತಿದ್ದರು.

ಆಯುಧಪೂಜೆಯ ಬೆಳಗಿನ ಮುಹೂರ್ತಕ್ಕೆ ಕ್ರೇನಿನಿಂದ ಮೊದಲ ಮೆಷಿನ್ ಎತ್ತಿಸಬೇಕೆಂದು ಓನರ್ ಜ್ಯೋತಿಷಿಯನ್ನು ಕೇಳಿ ನಿಶ್ಚಯಿಸಿದ್ದರು. ನೆಂಟರು, ಬ್ಯಾಂಕಿನವರು ಎಲ್ಲ ಬಂದು ನಿಂತಿದ್ದರು. ಕ್ರೇನ್ ಭಾರ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ ಮಾತ್ರ ಆಗಿರಲಿಲ್ಲ. ಮೇಡಂ ಅದರ ಮೇನ್ ಸ್ವಿಚ್ಚಿಗೆ ಬೀಗ ಜಡಿದು, ಕೀಲಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು.

“ಪೂಜೆ ಮಾಡಿ ಸಾರ್, ಬೇಡ ಅನ್ನಲ್ಲ. ಕೆಳಗೆ ಜನ ನಿಂತಿರೋವಾಗ ಕ್ರೇನ್ ಮಾತ್ರ ಓಡಲ್ಲ.”

“ನನ್ ಫ್ಯಾಕ್ಟರೀಲಿ ಓಡಲ್ಲ ಅನ್ನೋಕೆ ನೀವ್ಯಾರ್ರೀ?” ಓನರ್ ಕೂಗಾಡಿದರು.

ಜಪ್ಪಯ್ಯ ಎಂದರೂ ಮೇಡಂ ಕೀಲಿ ಕೊಡಲಿಲ್ಲ. ಪುರೋಹಿತರು ಪಾಪ, ಬೀಗಕ್ಕೇ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು. ಹಬ್ಬ ಮುಗಿಯುವಷ್ಟರಲ್ಲಿ ಮೇಡಂ ಕೆಲಸ ಹೋಗಿತ್ತು.

ಆಮೇಲೆ ಪರೀಕ್ಷೆಯಲ್ಲಿ ಕ್ರೇನ್ ಪಾಸಾಯಿತು. ಆಯಮ್ಮ ಸುಮ್ಮನೆ ಮುಹೂರ್ತ ಕೆಡಿಸಿದಳು ಎಂದು ಓನರ್ ಊರೆಲ್ಲ ಹೇಳಿಕೊಂಡು ಬಂದರು. ಪಾಸಾಗುತ್ತದೆ ಎಂದು ಮೊದಲೇ ಇವರಿಗೆ ಹೇಳಿದ್ದು ಯಾರು, ಜ್ಯೋತಿಷಿಯೇ? ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಮೇಡಂ ಎಲ್ಲಿ ಕೆಲಸ ಕೇಳಿದರೂ ಅಲ್ಲಿಂದ ಓನರಿಗೆ ಒಂದು ಫೋನ್ ಹೋಗುತ್ತಿತ್ತು, ಅಲ್ಲಿಗೆ ಮುಗಿಯಿತು. ಅವರ ಮಾತನ್ನೂ ಕೇಳಿ ಸರಿತಪ್ಪು ತೂಗುವವರು ಯಾರೂ ಇರಲಿಲ್ಲ.

ಡಾಕ್ಟರಿಗೆ, ವಕೀಲರಿಗೆ, ಲೆಕ್ಕಪರಿಶೋಧಕರಿಗೆ ದೇಶಕ್ಕೆಲ್ಲ ಒಂದೊಂದು ಸಂಸ್ಥೆ ಇದೆ, ಅದರ ನಿಯಮಕ್ಕೆ ಧಣಿಯೂ ತಗ್ಗಬೇಕು. ಪ್ರಾಜೆಕ್ಟ್ ಮ್ಯಾನೇಜರುಗಳಾದ ನಮಗೇಕಿಲ್ಲ ಎಂದು ಮೇಡಂ ಟೊಂಕ ಕಟ್ಟಿ ನಿಂತರು. ದಾಸರಹಳ್ಳಿಯ ಹೋಟೆಲೊಂದರ ಮಹಡಿಯಲ್ಲಿ ಭಾನುವಾರಗಳಂದು ಸಭೆ ಸೇರಿಸಿದರು. ವೈಟ್‌ಫೀಲ್ಡಿನಿಂದ ಬಂದ ಸಾಫ್ಟ್‌ವೇರಿನವನೊಬ್ಬ, “ನಮ್ಮಲ್ಲಿ ಕ್ರೇನ್ ಇಲ್ಲ ಮೇಡಂ, ಆದ್ರೆ ಮುಹೂರ್ತದ ಕಾಟ ಇದ್ದೇ ಇದೆ. ಟೆಸ್ಟಿಂಗ್ ಮುಗಿಯೋಕ್ ಮುಂಚೇನೇ ಡೇಟ್ ಕೊಟ್ಬಿಟ್ಟಿರ್ತಾರೆ” ಎಂದಾಗ ಎಲ್ಲರೂ ನಕ್ಕರು. ಪೀಣ್ಯಕ್ಕೊಂದು ಸಂಘ ಸಾಲದೇ ಎಂದು ಇನ್ನಾರೋ ಕೇಳಿದರು.

“ಸಾಲಲ್ಲ ಕಣ್ರೀ. ನಾಳೆ ನಾನು ಪುಣೆಗೆ ಹೋದ್ರೂ, ಬೇಡ ಅನ್ನೋ ಹಕ್ಕು ನನ್ ಜೊತೆ ಬರ್ಬೇಕು. ತಪ್ಪು ಮಾಡಿದ್ರೆ ನನ್ನನ್ನೇ ಹೊರಗೆ ಹಾಕ್ಲಿ, ಅದಕ್ಕೂ ರೆಡಿ.”

ಟೀ ಕುಡಿಯಲು ಬಂದವರು ಬಹಳ, ಹೆಸರು ಕೊಟ್ಟವರು ಕಡಿಮೆ... ಎಲ್ಲರಿಗೂ ಅವರವರ ಓನರ್ ಭಯ.

ಮೇಡಂ ಹೋದ ವರ್ಷ ತೀರಿಕೊಂಡರು. ಕೇಳಿದ್ದು ಸಿಗದೆಯೇ ಹೋದರು. ಈಗ ನಾನೂ ಪ್ರಾಜೆಕ್ಟ್ ಮ್ಯಾನೇಜರ್, ಆ ಸಂಸ್ಥೆ ಇನ್ನೂ ಆಗಿಲ್ಲ. ಉತ್ತರಕ್ರಿಯೆಯ ಊಟಕ್ಕೆ ಓನರ್ ಕೂಡ ಬಂದಿದ್ದರು, ಮುದುಕರಾಗಿದ್ದಾರೆ. ಎಲೆಯ ಮುಂದೆ ಕೂತು ನನ್ನ ಕಡೆ ವಾಲಿ, “ಒಳ್ಳೇ ಹೆಂಗಸು ಕಣಪ್ಪ. ಸ್ವಲ್ಪ ಹಟ ಜಾಸ್ತಿ” ಎಂದರು.

“ಹಟ ಅಲ್ಲ ಸಾರ್. ಅದೇ ಅವರ ಕೆಲಸ” ಎಂದೆ, ಪಂಕ್ತಿಯವರಿಗೆಲ್ಲ ಕೇಳುವಂತೆ.

ಬೇಡ ಎನ್ನುವುದೂ ನಮ್ಮ ಕೆಲಸ ಎಂಬ ಮಾತನ್ನು ಇನ್ನು ಮೇಡಂ ಬಾಯಿಂದ ಕೇಳುವ ಹಾಗಿಲ್ಲ. ಓನರುಗಳು ನನ್ನ ಬಾಯಿಂದ ಕೇಳಲಿ.