ಅತ್ತೆ ಮೆಚ್ಚಿದ ಡೈರೆಕ್ಟರು

ಬ್ಯಾಡಗಿ ಮೆಣಸಿನ ಚೀಲದ ಬಾಯಿ ಬಿಚ್ಚಿದರೆ ಸಾಕು, ನನಗೆ ಇವತ್ತಿಗೂ ಸಿನಿಮಾ ಪತ್ರಿಕೆಯ ನೆನಪಾಗುತ್ತದೆ. ತಮಿಳು ಸಿನಿಮಾ ಸ್ಟುಡಿಯೋಗಳಿದ್ದ ಕೋಡಂಬಾಕ್ಕಂನಲ್ಲಿ ಅಪ್ಪನ ಸಸ್ಯಾಹಾರಿ ಹೋಟೆಲು, ಅದರ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಹೋಟೆಲಿಗೆ ಬೇಕಾದ ಮೆಣಸು ಉಡುಪಿ ಕಡೆಯ ನಮ್ಮ ಊರಿನಿಂದಲೇ ಬಸ್ಸಿನಲ್ಲಿ ಬರುತ್ತಿತ್ತು. ಆ ಚೀಲದ ಬಾಯಲ್ಲಿ ಅತ್ತೆಗೆಂದು ಕನ್ನಡದ ಸಿನಿಮಾ ವಾರಪತ್ರಿಕೆಗಳನ್ನು ಸುರುಳಿ ಸುತ್ತಿ ಇಟ್ಟು ಕಳಿಸುತ್ತಿದ್ದರು. ಪುಟ ತಿರುಗಿಸಿದರೆ ಮೆಣಸಿನ ಘಾಟಿಗೆ ಸೀನು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಬೇರೆ ಯಾರ ಫೋಟೋವನ್ನೂ ನೋಡದೆ, ತಮ್ಮ ಡೈರೆಕ್ಟರ ಸುದ್ದಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ಚಿಕ್ಕ ವಯಸ್ಸಿನಲ್ಲೇ ತಮ್ಮನ ಮನೆ ಸೇರಿದವರು. ಮಡಿ, ಏಕಾದಶಿ, ಪೂಜೆ ಇವುಗಳ ನಡುವೆ ಅವರಿಗಿದ್ದ ಒಂದೇ ಚಪಲ ಈ ಡೈರೆಕ್ಟರು. ಅವರ ಮೊದಲ ಚಿತ್ರದಲ್ಲಿ ವಿಧವೆಯೊಬ್ಬಳು ಬಾವಿಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಾಳಂತೆ. "ಯಾರೂ ಅವಳನ್ನು ಬೈಯುವುದಿಲ್ಲ, ಗೊತ್ತುಂಟಾ?" ಎಂದು ಅತ್ತೆ ಎಷ್ಟೋ ಸಲ ನನಗೆ ಹೇಳಿದ್ದಾರೆ. ಆಮೇಲೆ ಅವರು ಮಾಡಿದ ಚಿತ್ರ, ಅರ್ಧಕ್ಕೆ ನಿಂತ ಚಿತ್ರ, ನಿರ್ಮಾಪಕರ ಜೊತೆಗಿನ ಜಗಳ ಎಲ್ಲವೂ ಅತ್ತೆಗೆ ಬಾಯಿಪಾಠ. ಡೈರೆಕ್ಟರಿಗೆ ಇಷ್ಟವಾದದ್ದು ಅತ್ತೆಗೂ ಇಷ್ಟ. ಬೆಳ್ಳಕ್ಕಿ ನೋಡುವುದೆಂದರೆ ತಮಗೆ ಪ್ರಾಣ ಎಂದು ಅವರು ಹೇಳಿದ್ದೇ ತಡ, ಅತ್ತೆ ತಾಂಬರಂ ರೈಲಿನ ಕಿಟಕಿ ಹಿಡಿದು ಕುಳಿತು, ನೀರು ಕಂಡಲ್ಲೆಲ್ಲ ನನ್ನ ತೋಳು ಅಲ್ಲಾಡಿಸುತ್ತಿದ್ದರು. ಹೋದ ಊರಿನ ಸದ್ದುಗಳನ್ನೆಲ್ಲ ರೆಕಾರ್ಡಿಂಗ್ ಮೆಷಿನಿನಲ್ಲಿ ಹಿಡಿದಿಡುವ ಹುಚ್ಚು ಡೈರೆಕ್ಟರಿಗೆ ಎಂದು ಓದಿದ ಮೇಲಂತೂ, ಸಂಜೆ ನನ್ನನ್ನು ಕಣ್ಣು ಮುಚ್ಚಿಸಿ ಕೂರಿಸಿ, "ಕೇಳು, ಎಂಥ ಕೇಳ್ತದೆ?" ಎಂದು ಪರೀಕ್ಷೆ. ಕೆಳಗೆ ದೋಸೆ ಕಾವಲಿಗೆ ನೀರು ಚಿಮುಕಿಸಿದ ಚುರ್, ರುಬ್ಬುವ ಯಂತ್ರದ ಗೊರಗೊರ, ಆಚೆಗೆ ಎಲೆಕ್ಟ್ರಿಕ್ ರೈಲು. ನಾನು ಶಾಲೆಯ ತಮಿಳಿನಲ್ಲಿ ಉತ್ತರ ಕೊಟ್ಟರೆ ತಲೆಗೆ ಮೊಟಕುತ್ತಿದ್ದರು. ಅಪ್ಪ ಛೇಡಿಸುವರು: "ಅಕ್ಕಾ, ನಿನ್ನ ಡೈರೆಕ್ಟರ ಪಿಕ್ಚರಿಗೆ ಇಂಟರ್ವಲ್ ಆದ ಮೇಲೆ ನೀನೊಬ್ಬಳೇ ಇರುವುದು ಮಾರಾಯ್ತಿ." ಅತ್ತೆ ಬಿಡುವವರಲ್ಲ: "ಯಾಕೆ, ಗೇಟ್ ಕಾಯುವವನೂ ಇರ್ತಾನೆ."

ಆಗ ಕನ್ನಡದ ಕೆಲವು ಚಿತ್ರಗಳಿಗೆ ಸದ್ದು ಸೇರಿಸುವ ಕೆಲಸ ನಮ್ಮ ಬೀದಿಯಾಚೆಯ ಸ್ಟುಡಿಯೋಗಳಲ್ಲೇ ನಡೆಯುತ್ತಿತ್ತು. ಒಂದು ಮುಂಜಾನೆ ಅಪ್ಪ ಹೋಟೆಲಿನ ಬಾಗಿಲು ತೆಗೆಯುವಾಗ, ಕೆಲಸ ಮುಗಿಸಿ ಕಾಫಿಗೆಂದು ಬಂದ ಆ ಡೈರೆಕ್ಟರೇ ಹೊರಗೆ ನಿಂತಿದ್ದರಂತೆ, ಮಹಡಿಯ ಕಡೆ ಕಿವಿಯಿಟ್ಟುಕೊಂಡು. ಅತ್ತೆ ದಿನಾ ದೇವರ ಕೋಣೆಯ ಬಾಗಿಲು ತೆರೆಯುವ ಮುಂಚೆ ಕೃಷ್ಣನನ್ನು ಎಬ್ಬಿಸುವ ಹಾಡು ಹೇಳುತ್ತಿದ್ದರು. ತಾಯಿಯ ಬಾಯಿಂದ ಕಲಿತದ್ದು, ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಪೂರ್ತಿ ಕೇಳಿದ ಮೇಲೆಯೇ ಡೈರೆಕ್ಟರು ಕಾಫಿ ಮುಟ್ಟಿದ್ದು. ಮಧ್ಯಾಹ್ನ ಮತ್ತೆ ಊಟಕ್ಕೆ ಬಂದ ಅವರನ್ನು ಅಪ್ಪ ಮಹಡಿಗೇ ಕರೆತಂದರು. ಅಷ್ಟು ವರ್ಷ ಫೋಟೋದಲ್ಲಿ ನೋಡಿದ ಮನುಷ್ಯ ಎದುರು ನಿಂತಾಗ ಅತ್ತೆ ತಲೆ ಎತ್ತಲೇ ಇಲ್ಲ.

"ಬೆಳಿಗ್ಗೆ ಹಾಡ್ತಿದ್ರಲ್ಲ ಅಮ್ಮ, ಅದು ನನ್ನ ಮುಂದಿನ ಚಿತ್ರಕ್ಕೆ ಬೇಕು. ಸಂಜೆ ರೈಲಿಗೆ ಹೋಗ್ತೀನಿ. ಈಗ್ಲೇ ಸ್ಟುಡಿಯೋಗೆ ಬಂದು ಒಂದ್ಸಲ ಹಾಡಿಬಿಡಿ."

ಅತ್ತೆ ನೆಲ ನೋಡುತ್ತಲೇ ಹೇಳಿದರು: "ಅದು ದೇವರನ್ನು ಎಬ್ಬಿಸುವ ಹಾಡಲ್ವಾ? ಈಗ ನೈವೇದ್ಯ ಆಗಿ ಮಲಗಿದ್ದಾನೆ. ಹೊತ್ತಲ್ಲದ ಹೊತ್ತಿಗೆ ಎಬ್ಬಿಸ್ಲಿಕ್ಕೆ ಉಂಟಾ?"

"ಒಂದು ದಿವಸ ಎದ್ದರೆ ಏನಾಗ್ತದೆ ಅಕ್ಕಾ? ಅವನಿಗೂ ಒಂದು ಕಾಫಿ ಕೊಡುವಾ," ಎಂದರು ಅಪ್ಪ. ಡೈರೆಕ್ಟರು ಜೋರಾಗಿ ನಕ್ಕುಬಿಟ್ಟರು. "ಬೇಡ ಬಿಡಿ, ಅವನ ನಿದ್ದೆ ಕೆಡಿಸೋದು ಬೇಡ. ಮುಂದಿನ ಸಲ ಬೆಳಗಿನ ಜಾವಕ್ಕೇ ಮೆಷಿನ್ ತಂದು ನಿಮ್ಮ ಮೆಟ್ಟಿಲ ಮೇಲೆ ಕೂತಿರ್ತೀನಿ."

ಮುಂದಿನ ಸಲ ಅವರು ಬರಲಿಲ್ಲ. ಸದ್ದಿನ ಕೆಲಸವೆಲ್ಲ ಬೆಂಗಳೂರಿನಲ್ಲೇ ಆಗತೊಡಗಿತು. ಒಂದು ಚಿತ್ರ ಓಡಲಿಲ್ಲ, ಇನ್ನೊಂದು ತೆರೆ ಕಾಣಲಿಲ್ಲ. ಪತ್ರಿಕೆಯಲ್ಲಿ ಅವರ ಹೆಸರು ಒಳಪುಟಕ್ಕೆ ಸರಿದು, ಆಮೇಲೆ ಕಾಣದಾಯಿತು. ಅತ್ತೆ ಮಾತ್ರ ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟೇ ಹಾಡು ಶುರುಮಾಡುತ್ತಿದ್ದರು. ಕೇಳಿದರೆ, ಗಾಳಿ ಬರಲಿ ಎಂದು ಅನ್ನುತ್ತಿದ್ದರು. ವರ್ಷಗಳು ಕಳೆದು ನಾನು ಕಾಲೇಜಿಗೆ ಹೋಗುವಾಗ ಆ ಡೈರೆಕ್ಟರ ಕೊನೆಯ ಚಿತ್ರ ಬಂತು. ಇಲ್ಲಿಯ ಕನ್ನಡದವರು ಸೇರಿ ಒಂದು ಭಾನುವಾರ ಅದನ್ನು ತೋರಿಸಿದರು. ಅದರಲ್ಲಿ ಒಂದು ಮುಂಜಾನೆ: ಮುದುಕಿಯೊಬ್ಬಳು ಕತ್ತಲಲ್ಲಿ ಎದ್ದು, ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚುತ್ತಾಳೆ. ಹಾಡಿಲ್ಲ, ವಾದ್ಯವಿಲ್ಲ, ಕೊಡದ ನೀರಿನ ಸದ್ದು ಕೂಡ ಇಲ್ಲ. ಸದ್ದಿನ ಹುಚ್ಚಿನ ಮನುಷ್ಯ ಅಷ್ಟು ಹೊತ್ತು ಏನನ್ನೂ ಕೇಳಿಸಲಿಲ್ಲ. ಕತ್ತಲಲ್ಲಿ ಅತ್ತೆ ನನ್ನ ಕೈ ಹುಡುಕಿ ಹಿಡಿದರು. ಹೊರಗೆ ಬಂದ ಮೇಲೆ, "ಬೇರೆ ಯಾರ ಹತ್ರವೂ ಹಾಡಿಸಲಿಲ್ಲ ನೋಡು," ಎಂದರು. ರೈಲಿನಲ್ಲಿ ಮತ್ತೆ ಕೇಳಿದರು: "ಅವತ್ತು ಹಾಡಿದ್ದರೆ ಕೃಷ್ಣ ಬೈತಿದ್ದನಾ?" ಬೈಯುತ್ತಿರಲಿಲ್ಲ ಎಂದರೆ ಅವರಿಗೆ ಇನ್ನೂ ನೋವು.

ನನ್ನ ಮದುವೆ ನೋಡಿಕೊಂಡು ಅತ್ತೆ ಹೋದರು. ಯಾರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳದೆ ಹೋದರಲ್ಲ, ಅದು ದೇವರ ದಯೆ. ಹೋಟೆಲನ್ನೂ ಕೊಟ್ಟೆವು, ಆ ಜಾಗದಲ್ಲಿ ಈಗ ಬಟ್ಟೆಯಂಗಡಿ. ಮೆಟ್ಟಿಲು ಎಲ್ಲಿತ್ತೆಂದು ನನಗೇ ಗುರುತು ಹತ್ತುವುದಿಲ್ಲ. ಅತ್ತೆಯ ಫೋಟೋಗಳಿವೆ, ನನ್ನ ಮದುವೆಯದ್ದೇ ಎಷ್ಟೋ. ದನಿ ಮಾತ್ರ ಎಲ್ಲೂ ಉಳಿಯಲಿಲ್ಲ. ಮದುವೆಯ ವಿಡಿಯೋದಲ್ಲೂ ಅವರು ಹಿಂದೆ ನಿಂತು ನಗುತ್ತಾರೆ, ಕೇಳಿಸುವುದು ನಾಗಸ್ವರ ಮಾತ್ರ. ಹಾಡು ನನಗೆ ಪೂರ್ತಿ ಬರುತ್ತದೆ, ಅಷ್ಟನ್ನಾದರೂ ದೇವರು ಕೊಟ್ಟ. ಬೆಳಿಗ್ಗೆ ದೇವರ ಮುಂದೆ ಹೇಳುತ್ತೇನೆ. ಮಗಳು ನಿದ್ದೆಗಣ್ಣಿನಲ್ಲಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಮೊನ್ನೆ, "ಫೋಟೋದ ಅಜ್ಜಿ ಹೀಗೇ ಹಾಡ್ತಿದ್ರಾ ಅಮ್ಮಾ?" ಎಂದು ಕೇಳಿದಳು. "ಹೀಗಲ್ಲ," ಎಂದೆ. ಮತ್ತೆ ಹೇಗೆ ಎಂದು ಅವಳು ಕಾಯುತ್ತ ಕುಳಿತಳು. ಕೇಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ.