ಕೂದಲುದುರಿದ ಕಾಲು

ನಮ್ಮ ಸೋದರಮಾವ ಕ್ಷೌರಿಕ. ಯಾರ ತಲೆ ಯಾವಾಗ ಬೋಳಾಗುತ್ತದೆಂದು ಬಾಗಿಲಲ್ಲೇ ಹೇಳಿಬಿಡುವವನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ತನ್ನ ಎಡಗಾಲಿನ ಕೂದಲು ಉದುರಿ ಚರ್ಮ ನುಣ್ಣಗೆ ಹೊಳೆಯತೊಡಗಿದಾಗ ಮಾವ ಅದನ್ನು ಕೂದಲಿನ ರೋಗವೆಂದೇ ತಿಳಿದ. ಗಿರಾಕಿಗಳಿಗೆ ಮಾರುವ ಎಣ್ಣೆಯನ್ನೇ ಕಾಲಿಗೆ ತಿಕ್ಕತೊಡಗಿದ.

ಜೊತೆಗೆ ಇನ್ನೊಂದು ಗೋಜಲು. ದಿನವಿಡೀ ಕುರ್ಚಿಯ ಪಕ್ಕ ನಿಂತು ಕತ್ತರಿ ಆಡಿಸಿದರೂ, ನಡುನಡುವೆ ಬಾಗಿಲಲ್ಲಿ ನಿಂತು ಸಿಗರೇಟು ಸೇದಿದರೂ ನೋವಿಲ್ಲ. ಮನೆಗೆ ಹೊರಟರೆ ಬೀದಿಯ ತಿರುವಿನಲ್ಲಿ ಎಡ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ನಿಂತರೆ ಮಾಯ. ಅದೂ ಸರಿಯಾಗಿ ಇನ್ನೊಬ್ಬ ಕ್ಷೌರಿಕನ ಅಂಗಡಿ ಮುಂದೆ. ಮಾವ ವರ್ಷಗಳಿಂದ ಆ ಕಡೆ ಮುಖವನ್ನೇ ತಿರುಗಿಸಿರಲಿಲ್ಲ. ಈಗ ದಿನಾ ಅದೇ ಅಂಗಡಿಯ ಕಂಬ ಹಿಡಿದು ನಿಲ್ಲಬೇಕಾಯಿತು.

"ಮನೆಗೆ ಬರೋಕೆ ಮಾತ್ರ ಕಾಲು ನೋಯುತ್ತಾ?" ಎಂದು ಅತ್ತೆ ಕುಟುಕುತ್ತಿದ್ದಳು. ಅದೇ ಕಾಲಿನ ಹೆಬ್ಬೆರಳಿನ ಸಣ್ಣ ಗಾಯ ವಾರಗಟ್ಟಲೆ ಮಾಯದಿದ್ದಾಗ ಅವಳೇ ನನ್ನನ್ನು ಕರೆಸಿದಳು. ನಾನೇ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ಪಾದದಲ್ಲಿ ನಾಡಿ ಹುಡುಕಿದರು. ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನು ಕಾಲಿಗೂ ಕಟ್ಟಿ ನೋಡಿದರು. "ಕಾಲಿನ ರಕ್ತನಾಳ ಒಳಗೆ ಕಿರಿದಾಗಿದೆ. ನಿಂತಾಗ ಸಾಲೋ ರಕ್ತ ನಡೆಯುವಾಗ ಸಾಲಲ್ಲ. ಕೂದಲು ಉದುರಿದ್ದೂ ಅದಕ್ಕೇ, ಗಾಯ ಮಾಯದೇ ಇರೋದೂ ಅದಕ್ಕೇ. ಸಿಗರೇಟು ಇವತ್ತೇ ಬಿಡಿ. ಇಲ್ಲಾಂದ್ರೆ ಕಾಲು ಉಳಿಸೋದು ಕಷ್ಟ."

ನಿಂತೇ ದುಡಿಯುವವನ ಕಾಲು ಹೋದರೆ ಉಳಿಯುವುದೇನು?

ನಾಳದೊಳಗೆ ತಂತಿ ತೂರಿಸಿ, ಪುಟ್ಟ ಬಲೂನು ಉಬ್ಬಿಸಿ ಅಗಲ ಮಾಡಿದರು. ಗಾಯ ಮಾಯಿತು. ಆಮೇಲೆ ದಿನಾ ನಡೆಯಬೇಕು, ನೋವು ಬಂದರೆ ನಿಂತು ಮತ್ತೆ ನಡೆಯಬೇಕು ಎಂದರು.

"ನಡೆದ್ರೆ ನೋವು. ನೋವಿಗೆ ಔಷಧಿ ನಡೆಯೋದು. ಇದ್ಯಾವ ಸೀಮೆ ನ್ಯಾಯ?" ಮಾವನ ತಲೆ ಕೆಟ್ಟುಹೋಯಿತು. ಆದರೂ ಗೊಣಗುತ್ತಲೇ ನಡೆದ, ತಿರುವಿನಲ್ಲಿ ನಿಂತ, ಮತ್ತೆ ನಡೆದ. ಆ ಇನ್ನೊಬ್ಬ ಕ್ಷೌರಿಕ ಕಂಬದ ಪಕ್ಕ ಒಂದು ಸ್ಟೂಲು ತಂದಿಟ್ಟ. ಮಾವ ಅದರ ಮೇಲೆ ಕೂರಲಿಲ್ಲ. ಬಿಗುಮಾನ.

ಒಂದು ಸಂಜೆ ನಾನೂ ಜೊತೆಗಿದ್ದೆ. ತಿರುವು ದಾಟಿ ಆಚೆ ಬಂದಿದ್ದೆವು. ಹಿಂದಿನಿಂದ ಆ ಕ್ಷೌರಿಕನ ದನಿ ಬಂತು: "ಏನಣ್ಣ, ಇವತ್ತು ನಿಲ್ಲಲೇ ಇಲ್ಲ?"

ಮಾವ ಗಕ್ಕನೆ ನಿಂತ. ಹಿಂದಿನ ಕಂಬ ನೋಡಿದ, ಪ್ಯಾಂಟು ಮೇಲೆತ್ತಿ ಕಾಲು ನೋಡಿದ.

"ಒಂದು ಕೂದಲೂ ಬಂದಿಲ್ಲ ಕಣಯ್ಯಾ," ಎಂದ, ಏನೂ ಅರ್ಥವಾಗದವನ ಹಾಗೆ. ಆಮೇಲೆ ವಾಪಸ್ಸು ನಡೆದುಹೋಗಿ, ನೋವೇ ಇಲ್ಲದ ಕಾಲನ್ನು ಚಾಚಿಕೊಂಡು, ಮೊದಲ ಸಲ ಆ ಸ್ಟೂಲಿನ ಮೇಲೆ ಕೂತ.